ಒಳಗಿನ ಸ್ಕ್ಯಾನಿಂಗ್ ಮಾಡಿಸಲೋ ಬೇಡವೋ?

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತ ಗುರುತಿಲ್ಲದ ಹೆಂಗಸಿನ ಹತ್ತಿರವೂ ನಾವು ಸಕ್ಕರೆ ಕಾಯಿಲೆಯ ಮಾತಾಡುತ್ತೇವೆ, ಬಿ.ಪಿ. ಎಷ್ಟಿದೆ ಎಂದು ಹೇಳುತ್ತೇವೆ, ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಕೇಳಿ ತಿಳಿದುಕೊಳ್ಳುತ್ತೇವೆ. ಆದರೆ ಹೊಕ್ಕುಳಿಂದ ಕೆಳಗಿನ ತೊಂದರೆ ಎಂದೊಡನೆ ದನಿ ತಗ್ಗುತ್ತದೆ. "ಅದು", "ಆ ಕಡೆ", "ಹೆಂಗಸರ ತೊಂದರೆ" ಎಂದು ಸುತ್ತಿಬಳಸಿ ಹೇಳಿ, ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತೇವೆ. ಒಡಹುಟ್ಟಿದ ಅಕ್ಕತಂಗಿಯರಲ್ಲೇ ಹೇಳಿಕೊಳ್ಳದವರು ಎಷ್ಟೋ ಮಂದಿ. ಆದ್ದರಿಂದ ಸೋದರಿಯರೇ, ಈ ಸಲ ಅಡಿಗೆಮನೆಯ ವಿಷಯ ಬಿಟ್ಟು ಆ ಮಾತನ್ನೇ ನಾಲ್ಕು ಜನ ಕೇಳುವ ಹಾಗೆ ಬರೆಯೋಣವೆಂದು ಕೂತಿದ್ದೇನೆ. ಗಂಡಸರು ಓದಿದರೂ ಅಡ್ಡಿಯಿಲ್ಲ.

ನನಗೀಗ 46 ವರ್ಷ. ಇಬ್ಬರು ಮಕ್ಕಳು. ಮಕ್ಕಳಾಗದ ಹಾಗೆ ಆಪರೇಷನ್ ಆಗಿ ಇಪ್ಪತ್ತು ವರ್ಷವಾಯಿತು. ಎರಡು ವರ್ಷದಿಂದ ತಿಂಗಳ ಸ್ರಾವ ಹದ ತಪ್ಪಿತ್ತು. ಮೊದಲು ನಾಲ್ಕು ದಿನಕ್ಕೆ ನಿಲ್ಲುತ್ತಿದ್ದದ್ದು ಎಂಟು ದಿನ, ಒಂಬತ್ತು ದಿನವಾಯಿತು. ಗಡ್ಡೆಗಡ್ಡೆಯಾಗಿ ಹೋಗುತ್ತಿತ್ತು. ನಡುವೆ ಎರಡು ವಾರ ಬಿಟ್ಟು ಮತ್ತೆ ಕಾಣಿಸಿಕೊಳ್ಳುತ್ತಿತ್ತು. "ನಿಲ್ಲೋ ವಯಸ್ಸು ಕಣವ್ವ, ನಿಲ್ಲೋ ಮುಂಚೆ ಹಂಗೇಯ" ಎಂದರು ಅತ್ತೆ. ನಾನೂ ಹಾಗೆಂದೇ ಇದ್ದೆ. ನಮ್ಮ ಮನೆಯಲ್ಲಿ ರೇಷ್ಮೆ ಇದೆ. ದೊಡ್ಡಆಲಹಳ್ಳಿ ಸುತ್ತಮುತ್ತ ಹಿಪ್ಪುನೇರಳೆ ಕಡ್ಡಿ ನೆಡದ ಮನೆ ಕಡಿಮೆ. ಮುಟ್ಟಾದವರು ಹುಳದ ಮನೆಗೆ ಹೋಗಬಾರದೆಂಬ ಪದ್ಧತಿಯನ್ನು ಅತ್ತೆಯವರು ಇನ್ನೂ ಬಿಟ್ಟಿಲ್ಲ. ಸರಿ, ತಿಂಗಳಲ್ಲಿ ಅರ್ಧ ದಿನ ನಾನು ಹೊರಗೆ! ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪಿಗೆ ಬಾಯಿ ತೆರೆದು ಕೂತಿದ್ದರೆ ನಾನು ತೊಟ್ಟಿಯ ಹತ್ತಿರ ಕೂತು ಸೊಪ್ಪು ಕತ್ತರಿಸಿ ಕೊಡುವುದು, ಒಳಗೆ ನಮ್ಮ ಯಜಮಾನರೊಬ್ಬರೇ ಒದ್ದಾಡುವುದು. ಕೊನೆಗೆ ಒಂದು ದಿನ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟು ಕೂತುಬಿಟ್ಟೆ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8. ನಮ್ಮಂಥವರಿಗೆ ಅದು 12 ಆದರೂ ಇರಬೇಕಂತೆ.

ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಹೊಟ್ಟೆಯ ಮೇಲಿನ ಸ್ಕ್ಯಾನ್ ಮಾಡಿದರು. ಅದರ ಪಾಡು ನಿಮಗೂ ಗೊತ್ತಿರಬಹುದು. ಲೀಟರುಗಟ್ಟಲೆ ನೀರು ಕುಡಿದು, ಮೂತ್ರ ಬಿಗಿಹಿಡಿದು, ಬೆಂಚಿನ ಮೇಲೆ ಕಾಲು ಜೋಡಿಸಿ ಕೂತು, ನಮ್ಮ ಹೆಸರು ಯಾವಾಗ ಕೂಗುತ್ತಾರೋ ಎಂದು ಬಾಗಿಲನ್ನೇ ನೋಡುವುದು! "ಗರ್ಭಕೋಶ ಊದಿಕೊಂಡಿದೆ. ಮಕ್ಕಳಾಗಿದೆಯಲ್ಲ, ಇನ್ನೇಕೆ ಬೇಕು? ತೆಗೆಸಿಬಿಡಿ" ಎಂದರು. ಐದು ನಿಮಿಷದಲ್ಲಿ ಮಾತು ಮುಗಿಯಿತು. ದಿನ ಗೊತ್ತುಮಾಡಿಕೊಂಡು ಬನ್ನಿ ಎಂದು ಚೀಟಿಯೂ ಕೈಗೆ ಬಂತು.

ಕೇರಿಯಲ್ಲಿ ವಿಚಾರಿಸಿದರೆ ಆಗಲೇ ತೆಗೆಸಿಕೊಂಡವರು ಬೇಕಾದಷ್ಟು ಜನ. ಒಬ್ಬರು "ಪೀಡೆ ಹೋಯ್ತು, ಆರಾಮಾಗಿವ್ನಿ" ಎಂದರೆ ಮತ್ತೊಬ್ಬರು ಸೊಂಟ ಹಿಡಿದುಕೊಂಡು "ಬ್ಯಾಡ ಕಣಕ್ಕ, ಮೊದಲಿನ ಕಸುವಿಲ್ಲ" ಎಂದರು. ಯಾರ ಮಾತು ನಂಬುವುದು? ಕಬ್ಬಾಳಮ್ಮನಿಗೆ ಹರಕೆ ಹೊತ್ತು, ಇನ್ನೊಬ್ಬರು ಲೇಡಿ ಡಾಕ್ಟರನ್ನು ಕೇಳಿಯೇ ಬಿಡೋಣವೆಂದು ಕನಕಪುರಕ್ಕೆ ಹೋದೆ. ಆ ಡಾಕ್ಟರು ಹಳೆಯ ಸ್ಕ್ಯಾನಿನ ಕಾಗದವನ್ನು ಎರಡು ಸಲ ಓದಿ, "ಇದರಲ್ಲಿ ಸ್ಪಷ್ಟವಾಗಿ ಏನೂ ಗೊತ್ತಾಗುವುದಿಲ್ಲ. ಒಳಗಿನಿಂದ ಒಮ್ಮೆ ನೋಡಿಸಿಕೊಂಡು ಬನ್ನಿ. ತೆಗೆಯುವ ಬಿಡುವ ಮಾತು ಆಮೇಲೆ" ಎಂದು ಚೀಟಿಯಲ್ಲಿ ಟಿ.ವಿ.ಎಸ್. ಎಂದು ಬರೆದುಕೊಟ್ಟರು.

ಮನೆಗೆ ಬಂದು ಚೀಟಿ ತೋರಿಸಿದರೆ ನಮ್ಮ ಯಜಮಾನರು, "ಇದೇನೇ, ಆಸ್ಪತ್ರೆಯೋರು ಟಿ.ವಿ.ಎಸ್. ಗಾಡಿ ಕೊಡ್ತಾರಾ?" ಎಂದರು. ಸೊಪ್ಪಿನ ಹೊರೆ ತರುವ ನಮ್ಮ ಮೊಪೆಡ್ಡಿನದೂ ಅದೇ ಹೆಸರಲ್ಲವೇ! ನಗು ಬಂತು. ಆದರೆ ಅದು ಏನೆಂದು ಬಾಯಿಬಿಟ್ಟು ವಿವರಿಸುವುದು ಹೇಗೆ? ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡನ ಮುಂದೆ ಮಾತು ತಡವರಿಸಿತು. ಅತ್ತೆಗೆ ತಿಳಿದಾಗಲಂತೂ, "ನಾವೂ ಏಳು ಹೆತ್ತೋರೇ ಕಣವ್ವ. ಯಾವ ಮಿಷನ್ನೂ ಒಳೀಕೆ ಹೋಗ್ಲಿಲ್ಲ. ಸುಮ್ಕೆ ಆಪರೇಷನ್ ಮಾಡಿಸ್ಕೊಂಡು ಬಾ, ಅದೇ ವಾಸಿ" ಎಂದರು.

ಅತ್ತೆಯವರ ಈ ಮಾತು ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಹೊಟ್ಟೆ ಕೊಯ್ದು ಒಂದು ಅಂಗವನ್ನೇ ತೆಗೆದುಹಾಕುವುದಕ್ಕೆ ಮನೆಯಲ್ಲಿ ಯಾರ ಅಭ್ಯಂತರವೂ ಇಲ್ಲ. ಅದರಲ್ಲಿ ನಾಚಿಕೆಯೂ ಇಲ್ಲ. ಹತ್ತು ಜನ ಹಣ್ಣು ತಂದು ನೋಡಿಹೋಗುತ್ತಾರೆ. ಹದಿನೈದು ನಿಮಿಷ ಒಳಗೆ ನೋಡುವುದಕ್ಕೆ ಮಾತ್ರ ಇಷ್ಟೊಂದು ಸಂಕೋಚ! ಇದು ಯಾವ ನ್ಯಾಯ ನೀವೇ ಹೇಳಿ. ಹಾಗೆಂದು ನನಗೆ ಧೈರ್ಯ ಬಂದುಬಿಟ್ಟಿತೆಂದು ತಿಳಿಯಬೇಡಿ. ಚೀಟಿ ಮೂರು ವಾರ ದೇವರ ಗೂಡಿನಲ್ಲೇ ಇತ್ತು. ಆಗ ಹುಳುವೂ ಹಣ್ಣಾಗುವ ಸಮಯ, ಚಂದ್ರಿಕೆಗೆ ಬಿಡಬೇಕು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಕಳಿಸಬೇಕು ಎಂಬ ನೆಪವೂ ಇತ್ತು.

ಆ ಮೂರು ವಾರದಲ್ಲಿ ನನ್ನ ಮಗಳು ತಾನು ಓದಿದ್ದನ್ನೆಲ್ಲ ಬಿಡಿಸಿ ಹೇಳಿದಳು. ಆಮೇಲೆ ಡಾಕ್ಟರನ್ನೂ ಕೇಳಿ ಖಚಿತ ಮಾಡಿಕೊಂಡೆ. ಅದನ್ನು ನಿಮಗೂ ಹೇಳುತ್ತೇನೆ.

ಸ್ಕ್ಯಾನಿಂಗ್ ಎಂದರೆ ಎಕ್ಸ್‌ರೇ ಅಲ್ಲ. ಅದರಲ್ಲಿ ವಿಕಿರಣವಿಲ್ಲ. ನಮ್ಮ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದವನ್ನು ಒಳಕ್ಕೆ ಬಿಟ್ಟು, ಅದು ಬಡಿದು ಹಿಂದಿರುಗುವ ಪ್ರತಿಧ್ವನಿಯಿಂದ ಚಿತ್ರ ಮೂಡಿಸುತ್ತಾರೆ. ಇದನ್ನು ಹೆಂಗಸರ ಕಾಯಿಲೆಗೆ ಮೊದಲು ತಂದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹೆರಿಗೆ ಡಾಕ್ಟರು ಇಯಾನ್ ಡೊನಾಲ್ಡ್. ಕಬ್ಬಿಣದ ಕೆಲಸದಲ್ಲಿ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರವನ್ನು ಕಂಡು, 1955ರಲ್ಲಿ ಆ ಮನುಷ್ಯ ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಕಾರ್ಖಾನೆಗೇ ಒಯ್ದು ಪರೀಕ್ಷೆ ಮಾಡಿಸಿದರಂತೆ. ಆಮೇಲೆ ಒಬ್ಬ ಹೆಂಗಸಿಗೆ, ಹೊಟ್ಟೆಯಲ್ಲಿ ಕ್ಯಾನ್ಸರ್, ಇನ್ನು ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದಾಗ, ಈ ಯಂತ್ರದಲ್ಲಿ ನೋಡಿದರೆ ಅದು ಅಂಡಾಶಯದ ದೊಡ್ಡ ನೀರುಗುಳ್ಳೆ! ತೆಗೆದರು, ಆಕೆ ಬದುಕಿದಳು. 1958ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯ ಪತ್ರಿಕೆಯಲ್ಲಿ ಇದೆಲ್ಲ ಅಚ್ಚಾಯಿತು. ಇದನ್ನು ಕೇಳಿದ ಮೇಲೆ ನನಗೆ ಆ ಯಂತ್ರದ ಮೇಲಿದ್ದ ಭಯ ಅರ್ಧ ಕಡಿಮೆಯಾಯಿತು. ಹೆಂಗಸೊಬ್ಬಳನ್ನು ಉಳಿಸಿಕೊಂಡೇ ಅದು ಹೆಸರು ಮಾಡಿದ್ದು.

ಹೊಟ್ಟೆಯ ಮೇಲಿಂದ ನೋಡಿದ್ದು ಸಾಲದೇ ಎಂದು ನೀವು ಕೇಳಬಹುದು. ಶಬ್ದ ಸೂಕ್ಷ್ಮವಾದಷ್ಟೂ ಚಿತ್ರ ಸ್ಪಷ್ಟ, ಆದರೆ ಆಳಕ್ಕೆ ಹೋಗುವುದಿಲ್ಲ. ಹೊಟ್ಟೆಯ ಕೊಬ್ಬು, ಮೂತ್ರಕೋಶ ಎಲ್ಲ ದಾಟಿ ಗರ್ಭಕೋಶ ತಲುಪಬೇಕಲ್ಲ. ಅದಕ್ಕೆ ಹತ್ತಿರದಿಂದ ನೋಡುವುದು. ಹುಳದ ಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಎಲ್ಲ ಹುಳವೂ ಚೆನ್ನಾಗಿಯೇ ಕಾಣುತ್ತವೆ. ತಟ್ಟೆಯ ಹತ್ತಿರ ಬಗ್ಗಿ ಬ್ಯಾಟರಿ ಬಿಟ್ಟಾಗಲೇ ರೋಗದ ಹುಳು ಯಾವುದೆಂದು ತಿಳಿಯುವುದು. ಗರ್ಭಕೋಶದ ಒಳಪದರ ಎಷ್ಟು ದಪ್ಪವಿದೆ, ಗಡ್ಡೆ ಗೋಡೆಯಲ್ಲಿದೆಯೋ ಒಳಗಿದೆಯೋ, ಅಂಡಾಶಯದ ಗುಳ್ಳೆಯಲ್ಲಿ ಬರೀ ನೀರೋ ಬೇರೇನಾದರೂ ಇದೆಯೋ, ಇವೆಲ್ಲ ಒಳಗಿನಿಂದಲೇ ಚೆನ್ನಾಗಿ ಗೊತ್ತಾಗುತ್ತವೆ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಲ್ಲಿಗೆ ಹೋಗಲೇಬೇಕು. ಅಂಥವರಲ್ಲಿ ಒಳಪದರ 4 ಮಿಲಿಮೀಟರಿನೊಳಗೆ ಇದ್ದರೆ ಕ್ಯಾನ್ಸರಿನ ಸಂಭವ ಬಹಳ ಕಡಿಮೆ, ಅದಕ್ಕಿಂತ ದಪ್ಪವಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನಮ್ಮಂತೆ ಇನ್ನೂ ಮುಟ್ಟಾಗುವವರಲ್ಲಿ ಪದರ ತಿಂಗಳುದ್ದಕ್ಕೂ ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಆದ್ದರಿಂದ ಸ್ರಾವ ನಿಂತ ಎರಡು ಮೂರು ದಿನದಲ್ಲಿ ಹೋದರೆ ಅನುಕೂಲ. ನಿಲ್ಲದೇ ಹೋಗುತ್ತಿದ್ದರೂ ಮಾಡಬಹುದು, ಅದಕ್ಕೆ ಮೈಲಿಗೆ ಎಂದು ಕೂರಬೇಕಿಲ್ಲ.

ಮದುವೆಯಾಗದ ಹೆಣ್ಣುಮಕ್ಕಳಿಗೆ ಇದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಹೊಟ್ಟೆಯ ಮೇಲಿನದೇ ಮಾಡುತ್ತಾರೆ. ತಾಯಂದಿರು ಈ ವಿಷಯವನ್ನು ಮೊದಲೇ ಡಾಕ್ಟರಿಗೆ ತಿಳಿಸಿ. ಇನ್ನೊಂದು ಮಾತು, ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಮಾಡುವ ಪ್ಯಾಪ್ ಪರೀಕ್ಷೆ ಬೇರೆ, ಇದು ಬೇರೆ. ಒಂದು ಮಾಡಿಸಿದ್ದೇನೆಂದು ಇನ್ನೊಂದನ್ನು ಬಿಡುವಂತಿಲ್ಲ.

ಯಂತ್ರವೊಂದೇ ನಮ್ಮನ್ನು ಕಾಪಾಡುತ್ತದೆ ಎಂದೂ ನಾನು ಹೇಳಲಾರೆ. ಕಲಬುರಗಿ ಜಿಲ್ಲೆಯ ಸುದ್ದಿ ನಿಮಗೆ ನೆನಪಿರಬಹುದು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಲಂಬಾಣಿ ತಾಂಡಾಗಳ ಬಡ ಹೆಂಗಸರಿಗೆ ಸ್ಕ್ಯಾನ್ ಮಾಡಿ, ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ ಗರ್ಭಕೋಶ ತೆಗೆದ ಪ್ರಕರಣಗಳು 2015ರಲ್ಲಿ ಸರ್ಕಾರದ ತನಿಖೆಯವರೆಗೂ ಹೋದವು. 2017ರ ಫೆಬ್ರವರಿಯಲ್ಲಿ ಆ ಹೆಣ್ಣುಮಕ್ಕಳು ನ್ಯಾಯ ಕೇಳಿಕೊಂಡು ಕಲಬುರಗಿಯಲ್ಲಿ ಬೀದಿಗಿಳಿದರು. ಅವರಲ್ಲಿ ಎಷ್ಟೋ ಜನಕ್ಕೆ ನಲವತ್ತೂ ಆಗಿರಲಿಲ್ಲ. ಬೇರೆ ರಾಜ್ಯಗಳ ಇಂಥದೇ ದೂರುಗಳ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ, ಬೇಡದ ಆಪರೇಷನ್ ತಡೆಯಲು ಕೇಂದ್ರ ಸರ್ಕಾರ ಮಾಡಿರುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಹೇಳಿತು. ಹಾಗಾಗಿ ಸ್ಕ್ಯಾನಿನ ಕಾಗದ ಕೈಗೆ ಬಂದ ಮೇಲೆ "ಇದರಲ್ಲಿ ಏನಿದೆ? ಆಪರೇಷನ್ ಬಿಟ್ಟು ಬೇರೆ ದಾರಿ ಏನಿದೆ?" ಎಂದು ಕೇಳಿಯೇ ಏಳಬೇಕು. ಕಾಗದ ನಮ್ಮದು, ಅದನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸುವ ಹಕ್ಕೂ ನಮ್ಮದೇ.

ಒಪ್ಪಿಗೆಯ ವಿಷಯವೂ ಅಷ್ಟೆ. 1995ರಲ್ಲಿ ಸಮೀರಾ ಕೊಹ್ಲಿ ಎಂಬ 44 ವರ್ಷದ ಮಹಿಳೆ ರಕ್ತಸ್ರಾವವೆಂದು ದೆಹಲಿಯ ಒಂದು ಕ್ಲಿನಿಕ್ಕಿಗೆ ಹೋಗಿದ್ದರು. ಪರೀಕ್ಷೆಗೆಂದು ಮತ್ತು ಬರಿಸಿದ್ದಾಗ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲವನ್ನೂ ತೆಗೆದುಬಿಟ್ಟರು. ಆಕೆ ಬಿಡಲಿಲ್ಲ. 2008ರ ಜನವರಿ 16ರಂದು ಸುಪ್ರೀಂ ಕೋರ್ಟು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಕೊಟ್ಟ ಒಪ್ಪಿಗೆಯಲ್ಲ, ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲದಿರುವಾಗ ವಯಸ್ಕ ಹೆಂಗಸಿನ ಬದಲು ತಾಯಿ ಒಪ್ಪಿದರೆ ಸಾಲದು ಎಂದು ತೀರ್ಪು ಕೊಟ್ಟಿತು. ಮಗಳು ಇದನ್ನು ಓದಿ ಹೇಳಿದಾಗ ಅತ್ತೆಯವರೂ ಅಲ್ಲೇ ಕೂತಿದ್ದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಯ್ಯೋ ಪಾಪ, ನಿದ್ದೇಲಿದ್ದಾಗ ತಗದುಬುಟ್ರಾ?" ಎಂದರು.

ಆ ರಾತ್ರಿಯೇ ನಾನು ಹೋಗುವುದೆಂದು ನಿರ್ಧಾರ ಮಾಡಿದೆ. ಮರುದಿನ ಸ್ಕ್ಯಾನಿಂಗ್ ಸೆಂಟರಿಗೆ ಫೋನ್ ಮಾಡಿ, ನಾಚಿಕೆ ಬಿಟ್ಟು, ಹೆಂಗಸು ಡಾಕ್ಟರು ಇರುತ್ತಾರೆಯೇ ಎಂದು ಕೇಳಿದೆ. "ಗುರುವಾರ ಇರ್ತಾರೆ, ಬನ್ನಿ" ಎಂದರು. ಇಷ್ಟೇ ಮಾತು! ಗಂಡಸು ಡಾಕ್ಟರೇ ಇದ್ದರೂ ಪಕ್ಕದಲ್ಲಿ ಒಬ್ಬ ನರ್ಸ್ ಇರಲಿ ಎಂದು ಧಾರಾಳವಾಗಿ ಕೇಳಬಹುದು.

ಸೆಂಟರಿನ ಬಾಗಿಲಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ದೊಡ್ಡ ಬೋರ್ಡು, 1994ರ ಕಾನೂನಿನದು. ಅದರ ಕೆಳಗೇ ನಾನು ಕೂತಿದ್ದೆ. ನಮ್ಮೂರ ಕಡೆಯವರೊಬ್ಬರು ದಾರಿಯಲ್ಲಿ ಹೋಗುತ್ತ ನೋಡಿ, ಸಂಜೆಯೊಳಗೆ "ಆವಮ್ಮಂಗೆ ಈ ವಯಸ್ಸಲ್ಲಿ ಬಸ್ರಂತೆ" ಎಂದು ಸುದ್ದಿ ಹಬ್ಬಿಸಿದ್ದರು. ಇರಲಿ, ಅವರಿಗೂ ಹೊತ್ತು ಹೋಗಬೇಕಲ್ಲ.

ಈ ಸಲ ನೀರು ಕುಡಿಯುವ ಶಿಕ್ಷೆಯಿಲ್ಲ. ಮೂತ್ರ ಮಾಡಿ ಬರಲು ಹೇಳುತ್ತಾರೆ. ಸೀರೆ ಉಟ್ಟು ಹೋದರೆ ಒಳ್ಳೆಯದು, ಮೇಲಕ್ಕೆ ಸರಿಸಿಕೊಂಡರಾಯಿತು. ಚೂಡಿದಾರವಾದರೆ ಪ್ಯಾಂಟು ತೆಗೆಯಬೇಕಾಗುತ್ತದೆ. ಮೇಲೆ ಬಟ್ಟೆ ಹೊದಿಸಿದರು. ಹೆರಿಗೆಯಲ್ಲಿ ಮಲಗುವ ಹಾಗೆ ಮಂಡಿ ಮಡಿಸಿ ಮಲಗಬೇಕು. ಒಳಗೆ ಇಡುವ ಸಲಕರಣೆ ಹೆಬ್ಬೆರಳಿಗಿಂತ ತುಸು ದಪ್ಪ, ಉದ್ದವಾಗಿ ಕಂಡರೂ ಎಲ್ಲ ಒಳಗೆ ಹೋಗುವುದಿಲ್ಲ. ಅದಕ್ಕೆ ಹೊಸ ನಿರೋಧ್ ತೊಡಿಸಿ, ತಣ್ಣನೆಯ ಜೆಲ್ ಹಚ್ಚುತ್ತಾರೆ. ನಮ್ಮ ಕಣ್ಣೆದುರಿಗೇ ಹೊಸದನ್ನು ಬಿಚ್ಚಿ ಹಾಕಿದರೇ ಎಂದು ನೋಡಿಕೊಳ್ಳಿ. ರಬ್ಬರಿನಿಂದ ಮೈ ತುರಿಸುವವರು ಮೊದಲೇ ಹೇಳಬೇಕು. "ಉಸಿರು ಬಿಡಿ ಅಮ್ಮ, ಸೊಂಟ ಬಿಗಿ ಹಿಡೀಬೇಡಿ. ನೋವಾದ್ರೆ ಹೇಳಿ, ನಿಲ್ಲಿಸ್ತೀನಿ" ಎಂದರು ಡಾಕ್ಟರು. ಆ 'ನಿಲ್ಲಿಸ್ತೀನಿ' ಎಂಬ ಒಂದು ಮಾತಿಗೆ ನನ್ನ ಮೈ ಸಡಿಲವಾಯಿತು. ನೋವು ಎನ್ನುವಂಥದ್ದು ಆಗಲಿಲ್ಲ, ಒಂದು ಬಗೆಯ ಒತ್ತಡ, ಕಸಿವಿಸಿ. ಎಡಕ್ಕೆ ಬಲಕ್ಕೆ ತಿರುಗಿಸುವಾಗ ಸ್ವಲ್ಪ ಹೆಚ್ಚು. ವಂಕಿ ಹಾಕಿಸಿಕೊಂಡವರಿಗೆ ಗೊತ್ತಿರುವ ಕಸಿವಿಸಿಗಿಂತ ಕಡಿಮೆಯೇ. ಮುಟ್ಟು ನಿಂತು ವರ್ಷಗಳಾದವರಿಗೆ ಒಣಗಿರುವುದರಿಂದ ಉರಿಯಾಗಬಹುದು, ಅಂಥವರು ಹೆಚ್ಚು ಜೆಲ್ ಹಚ್ಚಲು ಹೇಳಬೇಕು. ಬೇಕಿದ್ದರೆ ನಾವೇ ಕೈಯಲ್ಲಿ ಹಿಡಿದು ಒಳಗೆ ಇಟ್ಟುಕೊಳ್ಳುತ್ತೇವೆ ಎಂದರೂ ಡಾಕ್ಟರು ಒಪ್ಪುತ್ತಾರೆ. ಮುಗಿದ ಮೇಲೆ ಎದ್ದು, ಒರೆಸಿಕೊಂಡು, ಹೋಟೆಲಿನಲ್ಲಿ ಇಡ್ಲಿ ತಿಂದು ಬಸ್ಸು ಹತ್ತಿದೆ.

ನನ್ನ ಗರ್ಭಕೋಶದ ಒಳಗೆ ಪಾಲಿಪ್ ಇತ್ತು. ಒಳಪದರದಿಂದ ಕುಡಿಯ ಹಾಗೆ ಬೆಳೆದು ನೇತಾಡುವ ಮಾಂಸ, ಒಂದೂವರೆ ಸೆಂಟಿಮೀಟರಿನದು. ಎರಡು ವರ್ಷ ನನ್ನ ರಕ್ತವನ್ನೆಲ್ಲ ಬಸಿದದ್ದು ಹೆಚ್ಚಾಗಿ ಅದೇ ಎಂದರು ಲೇಡಿ ಡಾಕ್ಟರು. ಹೊಟ್ಟೆ ಕೊಯ್ಯದೆ, ಕೆಳಗಿನಿಂದಲೇ ಕ್ಯಾಮೆರಾ ಇರುವ ತೆಳುವಾದ ಕೊಳವೆ ಹಾಕಿ ಅದನ್ನು ತೆಗೆದರು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದೆ. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು. ವರದಿ ಬರುವ ತನಕದ ಹತ್ತು ದಿನ ನಾನು ಹೇಗೆ ಕಳೆದೆನೆಂಬುದನ್ನು ಬರೆಯಲಾರೆ. ಕೆಟ್ಟದ್ದೇನೂ ಇಲ್ಲವೆಂದು ಬಂತು. ಈಗ ಸ್ರಾವ ಐದು ದಿನಕ್ಕೆ ನಿಲ್ಲುತ್ತದೆ. ಕಬ್ಬಿಣದ ಮಾತ್ರೆ, ರಾಗಿ, ಸೊಪ್ಪುಸಾರು ಎಲ್ಲ ಸೇರಿ ಹಿಮೋಗ್ಲೋಬಿನ್ 11ಕ್ಕೆ ಬಂದಿದೆ. ಮಾತ್ರೆಯನ್ನು ಕಾಫಿ ಟೀ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕ ಒಳ್ಳೆಯದು.

ಎಲ್ಲರದೂ ಹೀಗೇ ಆಗುತ್ತದೆಂದು ನಾನು ಹೇಳಿದರೆ ಸುಳ್ಳಾಗುತ್ತದೆ. ನನ್ನ ಚಿಕ್ಕಮ್ಮನ ಮಗಳೂ ಒಳಗಿನ ಸ್ಕ್ಯಾನ್ ಮಾಡಿಸಿದಳು. ಆಕೆಗೆ ದೊಡ್ಡ ದೊಡ್ಡ ನಾಲ್ಕು ಗಡ್ಡೆಗಳಿದ್ದವು. ಮಾತ್ರೆ, ಹಾರ್ಮೋನಿನ ವಂಕಿ ಎಲ್ಲ ನೋಡಿ ಗುಣ ಕಾಣದೆ ಕೊನೆಗೆ ಗರ್ಭಕೋಶ ತೆಗೆಸಿದರು, ಅಂಡಾಶಯ ಉಳಿಸಿಕೊಂಡರು. ಅಂಡಾಶಯ ಬೇಗ ಹೋದರೆ ಮೂಳೆ ಸವೆಯುವುದೂ ಬೇಗ ಎಂದು ಡಾಕ್ಟರೇ ತಿಳಿಸಿ ಹೇಳಿದ್ದರಂತೆ. ಅವಳೂ ಚೆನ್ನಾಗಿದ್ದಾಳೆ. ಬೇಕಾದಾಗ ತೆಗೆಸಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಏತಕ್ಕೆ ತೆಗೆಯುತ್ತಾರೆಂದು ಅವಳಿಗೆ ಗೊತ್ತಿತ್ತು. ನನಗೆ ಕೊಟ್ಟಿದ್ದ ಮೊದಲ ಚೀಟಿಯಲ್ಲಿ ಅದು ಇರಲಿಲ್ಲ.

ಈ ಬರಹ ಶುರುಮಾಡಿದ ದಿನವೇ ನನ್ನ ಓರಗಿತ್ತಿ ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತ, ಯಾರಿಗೂ ಕೇಳದ ಹಾಗೆ, "ಅಕ್ಕ, ನಂಗೂ ಅದೇ ಬರ್ಕೊಟ್ಟವ್ರೆ" ಎಂದಳು. ಎಷ್ಟು ದಿನವಾಯಿತೆಂದರೆ ನಾಲ್ಕು ತಿಂಗಳು! ಚೀಟಿಯನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟಿದ್ದಾಳೆ. ಬರುವ ಗುರುವಾರ ಇಬ್ಬರೂ ಹೋಗುವುದೆಂದಾಗಿದೆ. ಅವತ್ತಿಗೆ ಹುಳು ಮೂರನೇ ಜ್ವರಕ್ಕೆ ಕೂತಿರುತ್ತವೆ, ಸೊಪ್ಪು ಹಾಕುವ ಕೆಲಸವಿಲ್ಲ. ಅತ್ತೆಯವರು ಮಧ್ಯಾಹ್ನದ ಮುದ್ದೆ ತಾವೇ ತಿರುವುತ್ತೇನೆ ಎಂದಿದ್ದಾರೆ.